ಜೆಬ್ಬೆ ಕೇಳಿದ ಪರಿಹಾರ

ಮೋವಾ ಹೊಳೆಯ ದಡದ ತಲಿಯಾಹುನ್ ಊರಿನಲ್ಲಿ ಜೆಬ್ಬೆ ಸ್ವಾರೆ ಮಾತಾಡಿದರೆ ಆಚೆ ದಡದ ದೋಣಿಯವನೂ ಹುಟ್ಟು ನಿಲ್ಲಿಸಿ ಕಿವಿಗೊಡುತ್ತಿದ್ದ. ಗಂಟಲು ಅಂಥದ್ದು. ತಾಳೆ ಎಣ್ಣೆಗೆ ಬೂದಿಯ ನೀರು ಬೆರೆಸಿ ಕರಿ ಸಾಬೂನು ಕಾಸುವುದು ಅವಳ ಕಸುಬು. ಹಂಡೆಯ ಹೊಗೆ ಕುಡಿದೂ ಕುಡಿದೂ ಗಂಟಲು ಹೀಗಾಯಿತು ಎಂದು ಅವಳು ಹೇಳುತ್ತಿದ್ದಳು. ಸುಳ್ಳು, ಹುಟ್ಟಿದಾಗಲೇ ಹಾಗಿತ್ತು, ಸೂಲಗಿತ್ತಿ ಬೆಚ್ಚಿಬಿದ್ದಿದ್ದಳಂತೆ ಎಂದು ಮೈದುನ ಬ್ರೀಮಾ ಹೇಳುತ್ತಿದ್ದ.

ಆ ಗಂಟಲು ಬದುಕಿನಲ್ಲಿ ಒಮ್ಮೆ ಮಾತ್ರ ಕೈಕೊಟ್ಟಿತು. ಯುದ್ಧದ ಕಾಲದಲ್ಲಿ ಬಂದೂಕಿನವರು ಊರಿಗೆ ನುಗ್ಗಿದ ದಿನ ಜೆಬ್ಬೆ ಮಗಳನ್ನು ಅವಚಿಕೊಂಡು ಕೋಕೋ ತೋಟದಲ್ಲಿ ಮಲಗಿದ್ದಳು. ಎಲೆಗಳ ಸಂದಿಯಿಂದ ಅವಳಿಗೆ ತನ್ನ ಮನೆಯ ಅಂಗಳ ಕಾಣುತ್ತಿತ್ತು. ಗಂಡ ಮೊಮೊ ಮಂಡಿಯೂರಿ ಕೂತಿದ್ದ. ಬಂದೂಕಿನವರ ನಡುವೆ, ತನಗಿಂತ ಉದ್ದದ ಕೋವಿ ಹಿಡಿದ ಹುಡುಗನೊಬ್ಬ ಕೈಯೆತ್ತಿ ಕೋಕೋ ಒಣಗಿಸುವ ಚಾಪೆಗಳ ಕಡೆ ತೋರಿಸಿದ. ಅದರಡಿಯೇ ಬಿತ್ತನೆಯ ಅಕ್ಕಿ ಬಚ್ಚಿಟ್ಟಿದ್ದರು. ಆ ಹುಡುಗ ವಾಂಡಿ. ಪಕ್ಕದ ಮನೆಯವನು, ಜೆಬ್ಬೆಯ ಕೈತುತ್ತು ತಿಂದವನು. ಹಿಂದಿನ ವರ್ಷ ಶಾಲೆಗೆ ಹೋಗುವ ದಾರಿಯಲ್ಲಿ ಅವನನ್ನೂ ಇವರೇ ಹೊತ್ತೊಯ್ದಿದ್ದರು. ಅಕ್ಕಿಯ ಮೂಟೆಯನ್ನು ಮೊಮೊನ ತಲೆಯ ಮೇಲಿಟ್ಟು, ಮನೆಗೆ ಬೆಂಕಿಯಿಟ್ಟು, ಅವನನ್ನು ಕಾಡಿನತ್ತ ನಡೆಸಿಕೊಂಡು ಹೋದರು. ಮೊಮೊನ ಬಲ ಮಂಡಿ ಮೊದಲಿನಿಂದಲೂ ನೋವಿನದು. ಅವನು ಕುಂಟುತ್ತ ಹೋಗುವುದನ್ನು ಜೆಬ್ಬೆ ನೋಡಿದಳು. ಕೂಗಲು ಬಾಯಿ ತೆರೆದಳು, ದನಿ ಬರಲಿಲ್ಲ. ಬಂದಿದ್ದರೆ ಮಗಳು ಉಳಿಯುತ್ತಿರಲಿಲ್ಲ.

ಆಮೇಲಿನ ವರ್ಷಗಳು ಗಡಿಯಾಚೆಯ ನಿರಾಶ್ರಿತರ ಶಿಬಿರದಲ್ಲಿ ಕಳೆದವು. ಅಲ್ಲೂ ಅವಳು ಸಾಬೂನು ಕಾಸಿದಳು, ಮಗಳ ಮದುವೆ ಮಾಡಿದಳು. ಶಾಂತಿಯಾಯಿತು ಎಂದು ರೇಡಿಯೋ ಹೇಳಿದಾಗ ತಲೆಯ ಮೇಲೆ ಹಂಡೆ ಹೊತ್ತು ಊರಿಗೆ ನಡೆದು ಬಂದಳು. ಮನೆಯಿದ್ದಲ್ಲಿ ಆಳೆತ್ತರದ ಹುಲ್ಲು ಬೆಳೆದಿತ್ತು. ಅದನ್ನು ಸವರಿ, ತಾಳೆಗರಿಯ ಗುಡಿಸಲು ಹಾಕಿಕೊಂಡು ಒಲೆ ಹೊತ್ತಿಸಿದಳು. ಊರಿನ ಅರ್ಧಕ್ಕರ್ಧ ಮನೆಗಳ ಕಥೆ ಹೀಗೇ ಇತ್ತು.

ಅಷ್ಟರಲ್ಲಿ ಸರ್ಕಾರದವರು ಬಂದೂಕು ಒಪ್ಪಿಸಿದವರಿಗೆ ಕಸುಬು ಕಲಿಸಿದ್ದರು. ತರಬೇತಿ ಮುಗಿಸಿದವನಿಗೆ ಒಂದು ತಗಡಿನ ಪೆಟ್ಟಿಗೆ; ಅದರೊಳಗೆ ಗರಗಸ, ಸುತ್ತಿಗೆ, ಉಳಿ, ಅಳತೆಪಟ್ಟಿ. ಮನೆ ಸುಟ್ಟುಹೋದವರಿಗೆ, ಗಂಡನನ್ನು ಕಳೆದುಕೊಂಡವರಿಗೆ ಸಿಕ್ಕಿದ್ದು ಒಂದೇ ಮಾತು: ಕಾಯಿರಿ, ನಿಮ್ಮದೂ ಬರುತ್ತದೆ. ಜನರ ಹೊಟ್ಟೆ ಉರಿಯಿತು. "ಸುಟ್ಟೋರಿಗೆ ಪೆಟ್ಟಿಗೆ, ಸುಟ್ಕೊಂಡೋರಿಗೆ ಪಟ್ಟಿ ಕಟ್ಟೋಕೂ ಬಟ್ಟೆ ಇಲ್ಲ" ಎಂದು ಬ್ರೀಮಾ ಊರ ಚಾವಡಿಯಲ್ಲಿ ದಿನವೂ ಹೇಳುತ್ತಿದ್ದ. ಯಾರೂ ಅಲ್ಲವೆನ್ನುತ್ತಿರಲಿಲ್ಲ.

ಒಂದು ಬುಧವಾರ ಸಂತೆಯಲ್ಲಿ ಜೆಬ್ಬೆಯ ಪಕ್ಕದಲ್ಲೇ ಒಬ್ಬ ಯುವಕ ಹೊಸ ಗರಗಸ ಮುಂದಿಟ್ಟುಕೊಂಡು ಕೂತಿದ್ದ. ಕೇಳುವವರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣು ಎದುರಿನ ಅಕ್ಕಿಯಂಗಡಿಯ ಮೇಲೇ ನೆಟ್ಟಿತ್ತು.

"ಯಾಕಪ್ಪಾ ಮಾರ್ತಿದ್ದೀಯ? ಹೊಸಾದು ಇದ್ದಂಗಿದೆ" ಎಂದಳು ಜೆಬ್ಬೆ.

"ಇಟ್ಕೊಂಡು ಏನ್ ಮಾಡ್ಲಮ್ಮ? ಕೆಲಸ ಕೊಡೋರು ಯಾರಿದ್ದಾರೆ? ಹೆಸರು ಕೇಳ್ತಾರೆ, ಎಲ್ಲಿದ್ದೆ ಅಂತ ಕೇಳ್ತಾರೆ, ಬಾಗಿಲು ಹಾಕ್ಕೋತಾರೆ."

"ಎಲ್ಲಿದ್ದೆ?"

ಅವನು ಗರಗಸದ ಹಲ್ಲುಗಳ ಮೇಲೆ ಬೆರಳಾಡಿಸಿದ. ಜೆಬ್ಬೆಗೆ ಅದೇ ಉತ್ತರವಾಯಿತು. ಎದ್ದುಹೋಗಬೇಕೆನಿಸಿತು, ಸಾಬೂನು ಇನ್ನೂ ಅರ್ಧ ಉಳಿದಿತ್ತು. ಕೂತಳು. ಸಂಜೆಯೊಳಗೆ ಎಲ್ಲ ಗೊತ್ತಾಯಿತು. ಅವನ ಹೆಸರು ಫಾಯಿಯಾ. ಕವಲುದಾರಿಯ ಪಾಳುಬಿದ್ದ ಕೋಕೋ ಗೋದಾಮಿನಲ್ಲಿ, ಅವನೂ ಸೇರಿ, ಬಂದೂಕು ಒಪ್ಪಿಸಿದ ಆರು ಮಂದಿ ಇದ್ದರು. ಅವರಲ್ಲೊಬ್ಬ ಸಂತೆಗೆ ಬರುತ್ತಲೇ ಇರಲಿಲ್ಲ. ಅವನು ತಲಿಯಾಹುನ್‌ನವನೇ. ವಾಂಡಿ ಅಂತ.

ಜೆಬ್ಬೆ ಆ ಸಂಜೆ ಮನೆಗೆ ಹೋಗದೆ ಊರ ಯಜಮಾನ ಲಾನ್ಸಾನಾನ ಬಾಗಿಲಿಗೆ ಹೋದಳು. "ಯಜಮಾನ್ರೇ, ನಾಳೆ ಚಾವಡಿ ಸೇರಿಸಿ. ನಂಗೆ ಮಾತಾಡೋದಿದೆ."

"ನೀನು ಮಾತಾಡೋಕೆ ಚಾವಡಿ ಯಾಕೆ ಬೇಕು? ನಿನ್ ಮನೇಲಿ ಕೂತು ಮಾತಾಡು, ಊರಿಗೆಲ್ಲ ಕೇಳುತ್ತೆ" ಎಂದ ಮುದುಕ. ಆದರೂ ಸೇರಿಸಿದ.

ಚಾವಡಿಯಲ್ಲಿ ಜೆಬ್ಬೆ ಸುತ್ತುಬಳಸಲಿಲ್ಲ. ಕವಲುದಾರಿಯಲ್ಲಿ ಆರು ಪೆಟ್ಟಿಗೆಗಳಿವೆ, ಊರಿನಲ್ಲಿ ಸೂರಿಲ್ಲದ ಮನೆಗಳಿವೆ. ಆ ಪೆಟ್ಟಿಗೆಗಳು ಸಂತೆಯಲ್ಲಿ ಮಾರಿಹೋಗುವ ಮುಂಚೆ ಊರಿಗೆ ಬರಲಿ. ಸುಟ್ಟವರೇ ಕಟ್ಟಲಿ. ಊಟ ನಾವು ಹಾಕೋಣ. ಕಟ್ಟಿ ಮುಗಿಸಿದ ಮೇಲೆ ಹಳ್ಳದ ಕೆಳಗಿನ ಬೀಳು ಗದ್ದೆಯಲ್ಲಿ ಅವರು ಭತ್ತ ಮಾಡಿಕೊಳ್ಳಲಿ.

ಚಾವಡಿ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಬ್ರೀಮಾ ಎದ್ದು ನಿಂತ.

"ಅತ್ತಿಗೆ, ನಿಂಗೇನು ತಲೆ ಕೆಟ್ಟಿದ್ಯಾ? ಅಣ್ಣನ ಹೆಣ ಎಲ್ಲಿ ಬಿದ್ದಿದ್ಯೋ ಗೊತ್ತಿಲ್ಲ. ಅವರಿಗೆ ಗದ್ದೆ ಕೊಡ್ಬೇಕಾ? ಅನ್ನ ಬಡಿಸ್ಬೇಕಾ? ಕಾಲೂ ಒತ್ತೋಣವಾ?"

"ಕಾಲು ಒತ್ತು ಅಂತ ನಾನು ಹೇಳಿಲ್ಲ. ಕವಲುದಾರಿ ಇಲ್ಲಿಂದ ಎಷ್ಟು ದೂರ, ಬ್ರೀಮಾ? ಕೂಗಿದ್ರೆ ಕೇಳುತ್ತೆ. ಆರು ಜನ ಗಂಡಸರು ಅಲ್ಲಿ ಹಸ್ಕೊಂಡು ಕೂತವ್ರೆ. ಹಸಿದ ಕೈ ಏನು ಹುಡುಕುತ್ತೆ ಅಂತ ನೀನೂ ನೋಡಿದ್ದೀಯ, ನಾನೂ ನೋಡಿದ್ದೀನಿ. ಆ ಕೈಗೆ ಕೆಲಸ ಕೊಡು ಅಂತಿದ್ದೀನಿ. ಪ್ರೀತಿ ಕೊಡು ಅಂದ್ನಾ?"

"ನಿನ್ ಮನೆ ಮೊದಲು ಕಟ್ಟಿಸ್ಕೋಬೇಕು ಅನ್ನೋ ಆಸೆ" ಎಂದು ಹಿಂದಿನಿಂದ ಯಾರೋ ಚುಚ್ಚಿದರು.

"ನನ್ ಮನೆ ಕೊನೇದು" ಎಂದಳು ಜೆಬ್ಬೆ. "ಮೊದಲು ಯೆಮಾ ಅಜ್ಜಿದು."

ಯೆಮಾ ಅಜ್ಜಿಗೆ ಎರಡೂ ಕಣ್ಣಿರಲಿಲ್ಲ, ಮಕ್ಕಳಿಬ್ಬರೂ ಯುದ್ಧದಲ್ಲಿ ಹೋಗಿದ್ದರು. ಎಲ್ಲರೂ ಅವಳ ಕಡೆ ತಿರುಗಿದರು. ಅಜ್ಜಿ ಅಡಕೆಯಂತೆ ಜಗಿಯುತ್ತಿದ್ದ ಕೋಲಾ ಕಾಯಿ ನುಂಗಿ, "ಮಳೆ ನನ್ ಕಣ್ಣು ನೋಡಿ ಸುರಿಯಲ್ಲ. ಯಾರ ಕೈಯಾದ್ರೂ ಸರಿ, ಸೂರು ಹಾಕ್ಸಿ" ಎಂದಳು. ಅವಳ ಮಾತಿಗೆ ಎದುರಾಡುವ ಎದೆ ಯಾರಿಗೂ ಇರಲಿಲ್ಲ. ಬ್ರೀಮಾ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಆರು ಮಂದಿ ಬಂದ ದಿನ ಊರು ಬಾಗಿಲು ಹಾಕಿಕೊಂಡಿತ್ತು. ಯಜಮಾನನ ಮುಂದೆ ಮರ್ಯಾದೆಯ ಕೋಲಾ ಕಾಯಿ ಇಟ್ಟು, ತಲೆ ತಗ್ಗಿಸಿ, ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿದರು. ಯಾವ ಪಡೆಯಲ್ಲಿದ್ದೆವು, ಯಾವ ಊರು ಸುಟ್ಟೆವು ಎಂಬುದನ್ನೂ ಹೇಳಿದರು. ಜೆಬ್ಬೆ ಹಾಕಿದ ಷರತ್ತು ಅದು. ವಾಂಡಿಯ ಸರದಿ ಬಂದಾಗ, "ನಾನು ಇದೇ ಊರನ್ನ..." ಎಂದನಷ್ಟೇ. ಬೆಳೆದು ಗಂಡಸಾಗಿದ್ದ, ಕೆನ್ನೆಯ ಮೇಲೆ ಗಾಯದ ಗೆರೆಯಿತ್ತು. ಕೈತುತ್ತಿಗೆ ಬಾಯಿ ತೆರೆಯುತ್ತಿದ್ದ ಮಗುವನ್ನು ಆ ಮುಖದಲ್ಲಿ ಹುಡುಕಬಾರದು ಎಂದುಕೊಂಡರೂ ಜೆಬ್ಬೆ ಹುಡುಕಿದಳು. ಸಿಕ್ಕಿತು. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಮೊದಲ ದಿನ ಮಧ್ಯಾಹ್ನ ಊಟ ಒಯ್ಯುವವರಿರಲಿಲ್ಲ. ಒಬ್ಬಳಿಗೆ ತಲೆನೋವು, ಇನ್ನೊಬ್ಬಳ ಮಗುವಿಗೆ ಜ್ವರ. ಜೆಬ್ಬೆಯೇ ದೊಡ್ಡ ಬೋಗುಣಿಯಲ್ಲಿ ಅನ್ನ, ಮೇಲೆ ಮರಗೆಣಸಿನ ಸೊಪ್ಪಿನ ಸಾರು, ಹೊಗೆಮೀನು ಹಾಕಿ ಹೊತ್ತುಕೊಂಡು ಹೋದಳು. ಯುವಕರು ಬೋಗುಣಿಯ ಸುತ್ತ ಕೂತರು. ಯಾರೂ ಕೈಯಿಡಲಿಲ್ಲ. ಫಾಯಿಯಾ ಅನ್ನವನ್ನೂ ಅವಳ ಮುಖವನ್ನೂ ನೋಡುತ್ತಿದ್ದ.

ಜೆಬ್ಬೆಗೆ ಅರ್ಥವಾಯಿತು. ಕೂತು, ಬೋಗುಣಿಯ ನಡುವಿನಿಂದಲೇ ದೊಡ್ಡ ತುತ್ತು ಎತ್ತಿ ಬಾಯಿಗಿಟ್ಟಳು. "ವಿಷ ಹಾಕೋಳಾಗಿದ್ರೆ ಇಷ್ಟೊಂದು ಮೀನು ಹಾಕ್ತಿದ್ನೇನೋ? ಮೀನಿನ ಬೆಲೆ ಗೊತ್ತಾ ನಿಂಗೆ?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಬೋಗುಣಿ ಬರಿದಾಗಲು ಹೊತ್ತು ಹಿಡಿಯಲಿಲ್ಲ. ವಾಂಡಿ ಮಾತ್ರ ಸುಟ್ಟುಳಿದ ಹಳೇ ಗೋಡೆಯ ಆಚೆ ಬದಿಯಲ್ಲಿ ಮಣ್ಣು ತುಳಿಯುತ್ತಲೇ ಇದ್ದ. ಕರೆದರೂ ಬರಲಿಲ್ಲ. ಮರುದಿನವೂ ಬರಲಿಲ್ಲ.

ಮೂಲೆಗಂಬಗಳು ನಿಂತ ದಿನ ಯೆಮಾ ಅಜ್ಜಿ ಒಂದೊಂದನ್ನೂ ಮೈದಡವಿದ ಹಾಗೆ ಮುಟ್ಟಿ ನೋಡಿದಳು. ಮೂರನೆಯದರ ಹತ್ತಿರ ನಿಂತಳು. "ಇದು ಕುಡಿದಿದೆ" ಎಂದಳು.

"ಏನಜ್ಜಿ?"

"ಹೆಂಡ ಕುಡಿದಿದೆ ಅಂದೆ. ವಾಲ್ತಿದೆ. ಕಣ್ಣಿದ್ದೋರಿಗೆ ಕಾಣಲ್ವಾ?"

ಕಿತ್ತು ಮತ್ತೆ ನೆಟ್ಟರು. ಬೇಲಿಯಾಚೆ ಇಣುಕುತ್ತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆ ಯುವಕರೂ ನಕ್ಕರು. ಒಂದೇ ಮಾತಿಗೆ ಎರಡೂ ಕಡೆಯವರು ನಕ್ಕದ್ದು ಅದೇ ಮೊದಲು. ತಲೆನೋವಿನವಳ ತಲೆ ಮರುದಿನ ನೆಟ್ಟಗಾಯಿತು. ಒಂದು ಬುಟ್ಟಿ ಬೇಯಿಸಿದ ಬಾಳೆಕಾಯಿ ತಂದಿಟ್ಟು ಹೋದಳು.

ಬೇಸಗೆಯುದ್ದಕ್ಕೂ ಮನೆಗಳೆದ್ದವು. ಕಾಡಿನಿಂದ ಮರ ಬಂತು, ಹಳ್ಳದಿಂದ ಮಣ್ಣು ಬಂತು. ತಗಡು ಸಿಕ್ಕವರು ತಗಡು ಹೊದಿಸಿದರು, ಉಳಿದವರು ಗರಿ ಹೊದಿಸಿದರು. ಎಲ್ಲವೂ ಚೆನ್ನಾಗಿತ್ತು ಎಂದಲ್ಲ. ಆರು ಮಂದಿಯಲ್ಲಿ ಒಬ್ಬನನ್ನು ಊರವರು ಹೊಲದ ದಾರಿಯಲ್ಲಿ ಅಡ್ಡಹಾಕಿ ಹೊಡೆದರು. ಇನ್ನೊಬ್ಬ ಕುಡಿದು ಹಳೆಯ ಯುದ್ಧದ ಹಾಡು ಹಾಡಿದ. ಜೆಬ್ಬೆ ಹೊಡೆದವರ ಬಾಗಿಲಲ್ಲೂ ನಿಂತು ಬೈದಳು, ಹಾಡಿದವನನ್ನೂ ಹಂಡೆ ಕಲಕುವ ಕೋಲಿನಿಂದ ಅಟ್ಟಿಸಿಕೊಂಡು ಹೋದಳು. ಗುಂಡಿನ ನಡುವೆ ಓಡಾಡಿದ್ದ ಗಂಡಸು ಸಾಬೂನಿನ ಕೋಲಿಗೆ ಹೆದರಿ ಮೆಣಸಿನ ಮಡಿಯಲ್ಲಿ ಬಿದ್ದದ್ದನ್ನು ಊರು ಇವತ್ತಿಗೂ ಹೇಳಿ ನಗುತ್ತದೆ.

ಕೊನೆಗೆ ಜೆಬ್ಬೆಯ ಮನೆಯ ಸರದಿ ಬಂತು. ಅಂದು ಐದೇ ಮಂದಿ ಬಂದರು.

"ವಾಂಡಿ ಎಲ್ಲಿ?" ಎಂದಳು.

ಫಾಯಿಯಾ ನೆಲ ನೋಡಿದ. "ಇಲ್ಲಿಗೆ ಬರಲ್ಲ ಅಂದ, ಅಮ್ಮ. ಊರು ಬಿಟ್ಟು ಹೋಗ್ತೀನಿ ಅಂತಿದ್ದಾನೆ."

ಜೆಬ್ಬೆ ಒಲೆಯ ಸೌದೆ ಹೊರಗೆಳೆದು, ಮಧ್ಯಾಹ್ನದ ಬಿಸಿಲಲ್ಲಿ ಕವಲುದಾರಿಗೆ ನಡೆದಳು. ವಾಂಡಿ ಗೋದಾಮಿನ ಹೊಸ್ತಿಲಲ್ಲಿ ಗಂಟು ಕಟ್ಟುತ್ತಿದ್ದ. ಅವಳನ್ನು ಕಂಡು ಎದ್ದುನಿಂತ. ಓಡುವ ಹಾಗೂ ಇರಲಿಲ್ಲ, ನಿಲ್ಲುವ ಹಾಗೂ ಇರಲಿಲ್ಲ.

"ನಾನು ನೋಡಿದ್ದೆ" ಎಂದಳು ಜೆಬ್ಬೆ. "ಕೋಕೋ ತೋಟದಲ್ಲಿ ಮಲಗಿದ್ದೆ. ನೀನು ಕೈಯೆತ್ತಿ ತೋರ್ಸಿದ್ದು ನೋಡಿದ್ದೆ."

ವಾಂಡಿ ಹೊಸ್ತಿಲ ಮೇಲೆ ಕೂತುಬಿಟ್ಟ. ಕೂತಲ್ಲೇ ಮುಖ ಮುಚ್ಚಿಕೊಂಡ. "ಗೊತ್ತಿದ್ದೂ ಅನ್ನ ತಂದ್ಯಾ, ಅಮ್ಮ? ಇಷ್ಟು ದಿನ..."

"ನಿಂಗೆ ಅಂತ ತರ್ಲಿಲ್ಲ. ಕೆಲಸ ಮಾಡೋರಿಗೆ ತಂದೆ. ಈಗ ನಾನು ಕೇಳೋದಕ್ಕೆ ಉತ್ತರ ಹೇಳು. ನನ್ನ ಗಂಡನ್ನ ಎಲ್ಲಿ ಬಿಟ್ರಿ?"

ಅವನು ಮುಖದಿಂದ ಕೈ ತೆಗೆದ. ಮಾತಾಡಲು ತೊಡಗಿದ ಮೇಲೆ ನಿಲ್ಲಿಸಲಿಲ್ಲ. ಮಾಲೆ ಹಳ್ಳ ದಾಟುವಾಗ ಮೊಮೊನ ಮಂಡಿ ಸೋತಿತ್ತು. ಮೂಟೆ ನೀರಿಗೆ ಬಿತ್ತು. ಪಡೆಯ ನಾಯಕ ಅವನನ್ನು ದಡದ ಬೂರುಗದ ಮರದ ಬುಡಕ್ಕೆ ಕರೆದೊಯ್ದು ಗುಂಡು ಹೊಡೆದ. ಗುಂಡಿ ತೋಡಲು ಬಿಡಲಿಲ್ಲ. ಎಲ್ಲರೂ ಮುಂದೆ ಹೋದ ಮೇಲೆ ವಾಂಡಿ ಹಿಂದುಳಿದು ಹಳ್ಳದ ಕಲ್ಲು ತಂದು ಮೈಮೇಲೆ ಪೇರಿಸಿದ್ದ. ಹಾಗೆ ಹಿಂದುಳಿದದ್ದಕ್ಕೇ ಕೆನ್ನೆಯ ಮೇಲೆ ಆ ಗೆರೆ ಬಿದ್ದಿತ್ತು.

"ಅವನಿಗೆ ಬಾಯಾರಿತ್ತಾ?" ಎಂದು ಕೇಳಿದಳು ಜೆಬ್ಬೆ. ಇಷ್ಟು ವರ್ಷ ಅವಳನ್ನು ಕೊರೆದದ್ದು ಅದೇ. ಹೊಗೆ, ಬಿಸಿಲು, ತಲೆಯ ಮೇಲೆ ಮೂಟೆ.

"ಬಾಯಾರಿತ್ತಮ್ಮ. ಹಳ್ಳದಲ್ಲಿ ಕುಡೀಲಿಕ್ಕೆ ಕೊಟ್ಟೆ. ಎರಡು ಸಲ ಕೊಟ್ಟೆ."

ಜೆಬ್ಬೆ ಕಣ್ಣು ಒರೆಸಿಕೊಂಡಳು. "ಗಂಟು ಬಿಚ್ಚು. ನಾಳೆ ಬೆಳಿಗ್ಗೆ ದಾರಿ ತೋರ್ಸು. ನಂಗೆ ಸರ್ಕಾರದ್ದು ಯಾವಾಗ ಬರುತ್ತೋ ಬರಲಿ. ನಿನ್ನಿಂದ ನಂಗೆ ಬೇಕಾದ್ದು ಇದು."

ಬೆಳಿಗ್ಗೆ ಬ್ರೀಮಾನೂ ಬಂದ. ಕೈಯಲ್ಲಿ ಉದ್ದನೆಯ ಮಚ್ಚು. ದಾರಿ ಗೊತ್ತಿದ್ದವನು ವಾಂಡಿ, ಅವನೇ ಮುಂದೆ ನಡೆಯಬೇಕು. ಜೆಬ್ಬೆ ಒಮ್ಮೆ ಮಚ್ಚು ನೋಡಿದಳು, ಒಮ್ಮೆ ವಾಂಡಿಯ ಬೆನ್ನು ನೋಡಿದಳು. ಇಬ್ಬರ ನಡುವೆ ಹೋಗಿ ಸೇರಿಕೊಂಡಳು. ಹಾಗೆಯೇ ಕಾಡಿನಲ್ಲಿ ನಡೆದರು. ದಾರಿಯುದ್ದಕ್ಕೂ ಅವಳ ಕಿವಿ ಹಿಂದಿನ ಹೆಜ್ಜೆಯ ಮೇಲೇ ಇತ್ತು.

ಬೂರುಗದ ಮರ ಹಾಗೇ ಇತ್ತು. ಬುಡದ ಬೇರುಗಳ ನಡುವೆ ಪಾಚಿ ಹಿಡಿದ ಕಲ್ಲಿನ ಗುಪ್ಪೆ, ಅದರ ಮೇಲೆ ಬಳ್ಳಿ. ವಾಂಡಿ ದೂರ ನಿಂತು ಕೈ ಮಾಡಿ ತೋರಿಸಿದ. ಬ್ರೀಮಾ ಮಚ್ಚು ಎತ್ತಿದ. ಜೆಬ್ಬೆ ವಾಂಡಿಯ ಕಡೆ ಒಂದು ಹೆಜ್ಜೆ ಇಟ್ಟಳು. ಬ್ರೀಮಾ ಬಳ್ಳಿ ಕಡಿಯತೊಡಗಿದ. ಕಡಿಯುತ್ತ ಕಡಿಯುತ್ತ ಅಳತೊಡಗಿದ. ಕಲ್ಲುಗಳನ್ನು ಒಂದೊಂದಾಗಿ ತೆಗೆದಾಗ ಮೂಳೆಗಳ ಜೊತೆ ಮೊಮೊ ತೋಳಿಗೆ ಕಟ್ಟುತ್ತಿದ್ದ ತಾಯಿತದ ಚರ್ಮದ ತುಣುಕೂ ಸಿಕ್ಕಿತು. ಆ ಹೊಲಿಗೆ ಜೆಬ್ಬೆಯದೇ.

ಆಗ ಅವಳ ಗಂಟಲು ತೆರೆಯಿತು. ಅಂದು ಕೋಕೋ ತೋಟದಲ್ಲಿ ನುಂಗಿದ್ದ ಕೂಗು ಅದು. ಮರದ ಹಕ್ಕಿಗಳೆಲ್ಲ ಎದ್ದು ಹಾರಿದವು. ಗಂಡಸರಿಬ್ಬರೂ ತಲೆ ತಗ್ಗಿಸಿ ನಿಂತರು. ಅವಳಿಗೆ ಸಾಕಾಗುವವರೆಗೆ ಯಾರೂ ತಡೆಯಲಿಲ್ಲ.

ಮೂಳೆಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿದ ಮೇಲೆ ವಾಂಡಿ ಹತ್ತಿರ ಬಂದು ಕೈ ಚಾಚಿದ. "ಮುಟ್ಟಬೇಡ" ಎಂದ ಬ್ರೀಮಾ. "ನಮ್ಮಣ್ಣನ್ನ ನಾನು ಹೊರ್ತೀನಿ." ಜೆಬ್ಬೆ ಆ ಮಾತಿಗೆ ಎದುರಾಡಲಿಲ್ಲ. ಹಿಂದಿರುಗುವಾಗ ಬ್ರೀಮಾ ಮಚ್ಚನ್ನು ನೆಲದ ಮೇಲೇ ಬಿಟ್ಟಿದ್ದ. ಎರಡು ಕೈಯೂ ಗಂಟಿಗೆ ಬೇಕಿತ್ತು. ವಾಂಡಿ ಅದನ್ನೆತ್ತಿಕೊಂಡು ಮುಂದೆ ಮುಂದೆ ದಾರಿ ಸವರುತ್ತ ಬಂದ.

ಇಮಾಮರು ಪ್ರಾರ್ಥಿಸಿದರು, ಮೊಮೊನನ್ನು ಊರ ಮಣ್ಣಿಗೆ ಕೊಟ್ಟರು. ಆಮೇಲೆ ಅನ್ನ ಮಾಡಿ, ಕೋಳಿ ಕೊಯ್ದು, ಹೊಳೆಯ ದಡದಲ್ಲಿ ಎಡೆಯಿಟ್ಟು, ಸತ್ತವನನ್ನು ನೀರು ದಾಟಿಸಿದರು. ಅಷ್ಟು ಮಾಡದಿದ್ದರೆ ಸತ್ತವರು ಈಚೆ ದಡದಲ್ಲೇ ನಿಂತಿರುತ್ತಾರೆ ಎಂದು ನಮ್ಮವರ ನಂಬಿಕೆ. ಇಷ್ಟು ವರ್ಷ ಮೊಮೊ ಅಲ್ಲಿ ನಿಂತಿದ್ದ. ಅಂದು ದಾಟಿದ. ಜೆಬ್ಬೆ ಅಂದು ಹೊಟ್ಟೆ ತುಂಬ ಉಂಡು ಮಲಗಿದಳು.

ಅವಳ ಮನೆಗೆ ಬಾಗಿಲು ಮಾಡಿದವನು ವಾಂಡಿ. ಕೆಂಪು ಮರದ ಒಂದೇ ಹಲಗೆ, ಒಳಗಿನಿಂದ ಅಡ್ಡಪಟ್ಟಿ. ಅದನ್ನು ಕೂರಿಸಿದ ದಿನ ಅವನು ಬೋಗುಣಿಯ ಹತ್ತಿರ ಬಂದು ಕೂತ. ಜೆಬ್ಬೆ ಮೀನಿನ ತಲೆಯನ್ನು ಅವನ ಕಡೆ ನೂಕಿದಳು. ಅಷ್ಟೇ.

ಸರ್ಕಾರದ ಪರಿಹಾರ ಕೊನೆಗೂ ಬಂದಾಗ ವಾಂಡಿಗೆ ಮದುವೆಯಾಗಿ ಮಗುವಾಗಿತ್ತು. ಹಣವೇನೂ ದೊಡ್ಡದಲ್ಲ. ಕಳೆದುಕೊಂಡದ್ದರ ಮುಂದೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೂ ಬೇಡವೆನ್ನುವ ಮನಸ್ಸು ಜೆಬ್ಬೆಗೆ ಬರಲಿಲ್ಲ. "ನಮ್ಮದು ನಮಗೆ ಕೊಡ್ತಿದ್ದಾರೆ, ದಾನ ಅಲ್ಲ" ಎಂದು ಹಿಂಜರಿಯುತ್ತಿದ್ದ ಹೆಂಗಸರನ್ನು ತಾನೇ ಕರೆದುಕೊಂಡು ಹೋದಳು.

ಹಂಚಲು ಬಂದ ಅಧಿಕಾರಿ ಒಳ್ಳೆಯ ಮನುಷ್ಯ. ತಲಿಯಾಹುನ್‌ನ ವಿಷಯ ಕೇಳಿ ಸಂತೋಷಪಟ್ಟಿದ್ದ, ಕ್ಯಾಮೆರಾದವನನ್ನೂ ಕರೆತಂದಿದ್ದ. ಹಣ ಕೊಟ್ಟು ಮುಗಿದ ಮೇಲೆ ವಾಂಡಿಯನ್ನೂ ಬ್ರೀಮಾನನ್ನೂ ಚಾವಡಿಯ ನಡುವೆ ನಿಲ್ಲಿಸಿದ. "ಇಬ್ಬರೂ ಒಮ್ಮೆ ಕೈ ಹಿಡ್ಕೊಳ್ಳಿ. ಇಡೀ ದೇಶ ನೋಡಲಿ."

ವಾಂಡಿ ಕೈ ಮುಂದೆ ಮಾಡಿದ. ಬ್ರೀಮಾನ ಕೈ ಅವನ ಮಗ್ಗುಲಲ್ಲೇ ಇತ್ತು. ಕಾಡಿನಲ್ಲಿ ಮುಟ್ಟಬೇಡ ಎಂದದ್ದು ಬಿಟ್ಟರೆ, ಆ ಎಲ್ಲ ವರ್ಷಗಳಲ್ಲಿ ಅವನು ವಾಂಡಿಯ ಜೊತೆ ಒಂದು ಮಾತೂ ಆಡಿರಲಿಲ್ಲ, ಅವನಿಗೆ ಒಂದು ಕೆಡುಕನ್ನೂ ಮಾಡಿರಲಿಲ್ಲ. "ಹಿಡ್ಕೊಳ್ಳಿ, ಹಿಡ್ಕೊಳ್ಳಿ" ಎಂದು ಅಧಿಕಾರಿ ಬ್ರೀಮಾನ ಮೊಣಕೈ ಮುಟ್ಟಿದ.

"ಸ್ವಾಮಿ" ಎಂದಳು ಜೆಬ್ಬೆ. ಕ್ಯಾಮೆರಾದವನು ಬೆಚ್ಚಿ ತಿರುಗಿದ. "ಅವನ ಕೈ ಅವನದು. ಬಿಡಿ."

"ಅಲ್ಲಮ್ಮಾ, ಸಮಾಧಾನ ಅಂದ್ರೆ..."

"ಸಮಾಧಾನ ಆಗಿದೆ. ಇಬ್ರೂ ಒಂದೇ ಬಾವೀಲಿ ನೀರು ಸೇದ್ತಾರೆ. ಇವನ ಮಗು ಅವನ ಅಂಗಳದಲ್ಲಿ ಆಡುತ್ತೆ, ಅವನು ಓಡಿಸಲ್ಲ. ಅಷ್ಟು ಮಾಡೋಕೆ ಅವನಿಗೆ ಎಷ್ಟು ಕಷ್ಟ ಆಗಿದೆ ಅಂತ ನಂಗೊತ್ತು. ಇನ್ನೂ ಬೇಕು ಅಂತ ಕೇಳ್ಬೇಡಿ."

ಅಧಿಕಾರಿ ಕೈ ತೆಗೆದ. ಆಮೇಲೆ ಮೆಲ್ಲಗೆ, "ನೀವು ಕ್ಷಮಿಸಿದ್ದೀರಾ, ಅಮ್ಮ?" ಎಂದು ಕೇಳಿದ.

"ನನ್ನ ಗಂಡ ಎಲ್ಲಿದ್ದಾನೆ ಅಂತ ತೋರಿಸ್ದ. ಒಳ್ಳೆ ಬಾಗಿಲು ಮಾಡ್ಕೊಟ್ಟ. ಕ್ಷಮೆ ಗಿಮೆ ಎಲ್ಲ ಒಂದೊಂದು ದಿನ ಇರುತ್ತೆ, ಒಂದೊಂದು ದಿನ ಇರಲ್ಲ. ಇಲ್ಲದ ದಿನವೂ ಅನ್ನ ಮಾಡ್ತೀನಿ. ಬನ್ನಿ, ಊಟ ಆರ್ಹೋಗುತ್ತೆ."

ಬ್ರೀಮಾ ಊಟಕ್ಕೆ ಬಂದ. ವಾಂಡಿಯ ಬೋಗುಣಿಗಲ್ಲ, ಹಿರಿಯರ ಬೋಗುಣಿಗೆ. ಅದನ್ನು ಯಾರೂ ಎತ್ತಿ ಆಡಲಿಲ್ಲ.

ಈಗೀಗ ಹೊಳೆಯ ಮೇಲಿನ ಊರುಗಳಿಂದಲೂ ಅವಳಿಗೆ ಕರೆ ಬರುತ್ತದೆ. ಫಾಯಿಯಾನ ಮೋಟಾರ್ ಬೈಕಿನ ಹಿಂದೆ ಕೂತು, ನಿಧಾನ ಓಡಿಸೋ ಎಂದು ದಾರಿಯುದ್ದಕ್ಕೂ ಬೈಯುತ್ತ ಹೋಗುತ್ತಾಳೆ. ಮೊನ್ನೆ ಅಂಥದೊಂದು ಊರಿನ ಹಿರಿಯರು ಮಾವಿನ ಮರದಡಿ ಬೆಂಚು ಹಾಕಿಸಿ, ಯುದ್ಧದಿಂದ ಬಂದ ತಮ್ಮೂರ ಹುಡುಗರನ್ನು ಒಳಗೆ ಸೇರಿಸಬೇಕೇ ಬೇಡವೇ, ನಿಮ್ಮೂರಲ್ಲಿ ಹೇಗೆ ಮಾಡಿದಿರಿ, ಕೂತು ಹೇಳಿ ಎಂದರು.

ಜೆಬ್ಬೆ ಕೂರಲಿಲ್ಲ. "ಮಾತು ಆಮೇಲೆ. ನಿಮ್ಮಲ್ಲಿ ಯಾರ ಮನೆ ಸೋರುತ್ತೆ, ಮೊದಲು ಅದನ್ನ ತೋರಿಸಿ" ಎಂದು ಬೆಂಚು ದಾಟಿ ಊರೊಳಗೆ ನಡೆದಳು.